ಮುತ್ಯಾಲಮ್ಮ ಸುಮ್ಮನೆ ಮಲಗಿದ್ದು

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ, ಗೋವಿಂದರಾಜುವಿನ ಹೆಂಡತಿ ಮುತ್ಯಾಲಮ್ಮ ಕೈಕಟ್ಟಿ ಕೂತದ್ದನ್ನು ಕಂಡೆ ಎಂದು ಯಾರಾದರೂ ಹೇಳಿದ್ದರೆ, ಕೇಳಿದವರು ಅವರಿಗೆ ಆಸ್ಪತ್ರೆಗೆ ಹೋಗಿ ಕಣ್ಣು ತೋರಿಸಿಕೊಂಡು ಬನ್ನಿ ಅನ್ನುತ್ತಿದ್ದರು. ಐವತ್ತೆರಡು ವರ್ಷದ ಆ ಹೆಂಗಸಿನ ಕೈಗಳಿಗೆ ಬಿಡುವು ಅಂದರೇನೆಂದು ಗೊತ್ತಿರಲಿಲ್ಲ. ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ಪವರ್‌ಲೂಮುಗಳಿದ್ದವು. ಅವುಗಳ ನಡುವೆ ನಿಂತು ಒಂದರಲ್ಲಿ ಕಡಿದ ಎಳೆಗೆ ಗಂಟು ಹಾಕಿ, ಇನ್ನೊಂದರ ಲಾಳಿಗೆ ನೂಲು ಸುತ್ತಿದ ಹೊಸ ಕಂಡಿಕೆ ತುರುಕಿ, ಅಷ್ಟರಲ್ಲೇ ಅಡುಗೆಮನೆಗೆ ಹೋಗಿ ಸಾರಿಗೆ ಒಗ್ಗರಣೆ ಕೊಟ್ಟು ಬರುವವಳು ಅವಳು. ಟಿವಿ ನೋಡುವಾಗ ಅವರೆಕಾಯಿ ಸುಲಿಯುತ್ತಿದ್ದಳು. ಅವರೆಕಾಯಿ ಇಲ್ಲದ ಕಾಲದಲ್ಲಿ ಸೆರಗಿನ ತುದಿಯನ್ನೇ ಹೊಸೆಯುತ್ತಿದ್ದಳು.

ಗೋವಿಂದರಾಜು ಬೇರೆ ಥರದ ಮನುಷ್ಯ. ಅವನನ್ನು ಮೈಗಳ್ಳ ಎನ್ನುವುದು ಅನ್ಯಾಯ. ಮಾಡುವ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದ್ದ. ಆದರೆ ಒಂದು ಕೆಲಸಕ್ಕೂ ಮುಂದಿನ ಕೆಲಸಕ್ಕೂ ನಡುವೆ ಉದ್ದವಾದ ಜಾಗ ಬಿಡುತ್ತಿದ್ದ. ಆ ಜಾಗದಲ್ಲಿ ಮಗ್ಗಗಳನ್ನು ಕೂಲಿಯ ಕೊಂಡಪ್ಪನಿಗೆ ಒಪ್ಪಿಸಿ, ಜಗಲಿಯ ಮೇಲೆ ಕಾಲು ಚಾಚಿ ಕೂತು ಬೀದಿ ನೋಡುತ್ತಿದ್ದ. ಬೀದಿಯಲ್ಲಿ ಯಾರೂ ಇಲ್ಲದಿದ್ದರೂ ನೋಡುತ್ತಿದ್ದ. ಮದುವೆಯಾದಾಗಿನಿಂದ ಮುತ್ಯಾಲಮ್ಮ ಅವನನ್ನು ಬೈದದ್ದೆಲ್ಲ ಈ ಒಂದೇ ವಿಷಯಕ್ಕೆ.

ಇಷ್ಟೆಲ್ಲ ದುಡಿಯುವ ಮುತ್ಯಾಲಮ್ಮ ವರ್ಷದಿಂದ ವರ್ಷಕ್ಕೆ ದಪ್ಪಗಾಗುತ್ತಾ ಹೋದಳು. ಕೂತೇ ಇರುವ ಗೋವಿಂದರಾಜು ತೆಂಗಿನ ಗರಿಯ ಕಡ್ಡಿಯ ಹಾಗೇ ಉಳಿದ. ಮಂಡಿನೋವು ಜೋರಾದಾಗ ಸೊಸೆ ಪವಿತ್ರ ಅತ್ತೆಯನ್ನು ಯಲಹಂಕದ ಕಡೆಯ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ತೂಕ ಇಳಿಸಬೇಕೆಂದು ಊಟದ ಚಾರ್ಟು ಬರೆದುಕೊಟ್ಟರು. ಬೆಳಗ್ಗೆ ಇಷ್ಟು, ಮಧ್ಯಾಹ್ನ ಅರ್ಧ ಮುದ್ದೆ, ರಾತ್ರಿ ಎರಡು ಚಪಾತಿ. ಮುತ್ಯಾಲಮ್ಮ ಅದನ್ನು ವ್ರತದಂತೆ ಪಾಲಿಸಿದಳು. ನೆಂಟರ ಮನೆಯ ಗೃಹಪ್ರವೇಶದಲ್ಲಿ ಎಲೆಯ ಮೇಲೆ ಬಿದ್ದ ಹೋಳಿಗೆಯನ್ನು ಪಕ್ಕದವಳ ಎಲೆಗೆ ದಾಟಿಸಿ ಎದ್ದು ಬಂದಳು. ಮೂರು ತಿಂಗಳು ಕಳೆದು ಆಸ್ಪತ್ರೆಯ ತಕ್ಕಡಿ ಹತ್ತಿದರೆ ತೂಕ ಒಂದು ಕೆಜಿ ಹೆಚ್ಚಾಗಿತ್ತು.

ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿದರು. "ಬೇಜಾರು ಮಾಡ್ಕೋಬೇಡಿ ಅಮ್ಮ. ಚಾರ್ಟ್ ಬಿಟ್ಟು ಬೇರೆ ಏನಾದ್ರೂ ತಿಂತಿದ್ದೀರಾ?"

ಮುತ್ಯಾಲಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ನಾನಾ? ನಾನು ಕದ್ದು ತಿನ್ನೋಳಾ? ಕೇಳಿ ನನ್ ಸೊಸೇನ! ಬಾಯಿಗೆ ಬೀಗ ಹಾಕ್ಕಂಡು ಕೂತಿದ್ದೀನಿ ಸ್ವಾಮಿ!"

ಪವಿತ್ರ ಹೌದೆಂದು ತಲೆಯಾಡಿಸಿದಳು. ಆದರೆ ಒಂದು ಗಳಿಗೆ ತಡವಾಗಿ ಆಡಿಸಿದಳು ಎಂಬುದು ಮುತ್ಯಾಲಮ್ಮನ ದೂರು.

ಮಾತು ಆಸ್ಪತ್ರೆಯಲ್ಲೇ ಉಳಿದಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಉಳಿಯಲಿಲ್ಲ. ಗೋವಿಂದರಾಜುವಿನ ಅಕ್ಕ ಅಕ್ಕಯಮ್ಮ ಎದುರು ಸಾಲಿನಲ್ಲೇ ಇದ್ದಳು. ಹೊತ್ತಿಗೆ ಎರಡು ಮುದ್ದೆ ಇಳಿಸಿಯೂ ಒಣಗಿದ ಬೀನ್ಸಿನಂತಿದ್ದ ಅವಳು ನಲ್ಲಿಯ ಹತ್ತಿರ ನಾಲ್ಕು ಜನರ ಮುಂದೆ ಹೇಳಿದಳಂತೆ: "ಗಾಳಿ ಕುಡುದ್ರೆ ಯಾರಾದ್ರೂ ದಪ್ಪ ಆಯ್ತಾರೇನ್ರೇ? ಒಗ್ಗರಣೆ ಹಾಕ್ತೀನಿ ಅಂತ ಮಗ್ಗ ಬಿಟ್ಟು ಗಳಿಗೆಗೊಂದು ಸಲ ಅಡುಗೆಮನೆಗೆ ಓಡ್ತಾಳಲ್ಲ, ಯಾತಕ್ಕೆ ಅಂದ್ಕಂಡ್ರಿ?"

ಸುದ್ದಿ ಮುಟ್ಟಿದ ದಿನ ಮುತ್ಯಾಲಮ್ಮ ಊಟವನ್ನೇ ಬಿಟ್ಟಳು. ಪವಿತ್ರ ಹೆದರಿ ಡಾಕ್ಟರಿಗೆ ಫೋನು ಮಾಡಿದಳು. ಡಾಕ್ಟರಿಗೂ ತಾನು ಹಾಗೆ ಕೇಳಬಾರದಿತ್ತು ಅನ್ನಿಸಿತೋ ಏನೋ, "ಹಾಗಿದ್ರೆ ಆರ್‌ಎಂಆರ್ ಟೆಸ್ಟ್ ಮಾಡಿಸಿಬಿಡೋಣ. ನಮ್ಮಲ್ಲೇ ಮಿಷಿನ್ ಇದೆ. ಅವರ ಮೈ ಸುಮ್ನಿದ್ದಾಗ ಎಷ್ಟು ಸುಡುತ್ತೆ ಅಂತ ಗೊತ್ತಾಗುತ್ತೆ," ಎಂದರು.

"ಸುಡೋದಾ?" ಎಂದು ಫೋನಿಗೆ ಕಿವಿ ಕೊಟ್ಟಿದ್ದ ಮುತ್ಯಾಲಮ್ಮ ಗಾಬರಿಯಾದಳು.

ನಿಯಮಗಳು ಸುಲಭವಾಗಿದ್ದವು. ಹಿಂದಿನ ರಾತ್ರಿ ಬೇಗ ಊಟ ಮುಗಿಸಿ ಆಮೇಲೆ ನೀರು ಬಿಟ್ಟು ಏನೂ ಮುಟ್ಟಬಾರದು. ಕಾಫಿ ಕೂಡದು, ಎಲೆಅಡಿಕೆ ಕೂಡದು. ಬೆಳಗ್ಗೆ ಎದ್ದು ಯಾವ ಕೆಲಸವನ್ನೂ ಮಾಡದೆ ಆರಾಮವಾಗಿ ಬರಬೇಕು. ಮೊದಲಿನವೆಲ್ಲ ಮುತ್ಯಾಲಮ್ಮನಿಗೆ ಲೆಕ್ಕಕ್ಕಿರಲಿಲ್ಲ. ಕೊನೆಯದನ್ನು ಅವಳು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ, ಅಥವಾ ಅದು ತನಗೆ ಹೇಳಿದ್ದೆಂದು ಅವಳಿಗೆ ಹೊಳೆಯಲಿಲ್ಲ. ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ತೊಟ್ಟಿ ತುಂಬಿಸಿ, ಎರಡು ಮಗ್ಗಕ್ಕೂ ಆಗುವಷ್ಟು ಕಂಡಿಕೆ ಸುತ್ತಿಟ್ಟು, ಆಮೇಲೆ ಆರಾಮವಾಗಿ ಬಸ್ಸು ಹತ್ತಿದಳು. ಪವಿತ್ರಳಿಗೆ ರಜೆ ಇರಲಿಲ್ಲವಾದ್ದರಿಂದ ಜೊತೆಗೆ ಗೋವಿಂದರಾಜು ಬಂದ. ಆಸ್ಪತ್ರೆಯಲ್ಲಿ ಲಿಫ್ಟು ಬರುವುದು ತಡವಾಯಿತೆಂದು ಅವಳು ಮಂಡಿ ಹಿಡಿದುಕೊಂಡೇ ಮೂರು ಮಹಡಿ ಹತ್ತಿದಳು. ಗೋವಿಂದರಾಜು ಲಿಫ್ಟಿಗೆ ಕಾದು, ಗೇಟಿನ ಹೊರಗೆ ಒಂದು ಸುತ್ತು ಹಾಕಿ, ಬಹಳ ಹೊತ್ತಿನ ಮೇಲೆ ಬಂದ.

ಟೆಸ್ಟ್ ಮಾಡುವ ಹುಡುಗಿಯ ಹೆಸರು ಅಕ್ಷತ. ನಗುಮುಖದವಳು, ಆಹಾರದ ವಿಷಯವನ್ನೇ ಓದಿದವಳು. ಅವಳು ಮುತ್ಯಾಲಮ್ಮನನ್ನು ತಣ್ಣಗಿನ ಕೋಣೆಯಲ್ಲಿ ಹಾಸಿಗೆಯ ಮೇಲೆ ಮಲಗಿಸಿ ವಿವರಿಸಿದಳು. "ನೋಡಿ ಅಮ್ಮ, ನಾವು ಏನೂ ಮಾಡದೆ ಬಿದ್ಕೊಂಡಿದ್ರೂ ಒಳಗೆ ಹೃದಯ ಬಡೀತಾ ಇರುತ್ತೆ, ಮೆದುಳು, ಲಿವರ್ ಎಲ್ಲ ಕೆಲಸ ಮಾಡ್ತಾ ಇರ್ತವೆ. ಅದಕ್ಕೆಲ್ಲ ಶಕ್ತಿ ಬೇಕು. ಎಷ್ಟು ಬೇಕು ಅನ್ನೋದು ಒಬ್ಬೊಬ್ಬರಿಗೆ ಒಂದೊಂದು ಥರ."

"ಅಂದ್ರೆ ಮಿನಿಮಮ್ ಬಿಲ್ಲು," ಎಂದ ಗೋವಿಂದರಾಜು ಬಾಗಿಲ ಬಳಿಯಿಂದ. "ಮಗ್ಗ ಓಡ್ಸಿದ್ರೂ ಓಡುಸ್ದಿದ್ರೂ ತಿಂಗಳಿಗಿಷ್ಟು ಅಂತ ಕರೆಂಟ್ ಬಿಲ್ಲು ಬತ್ತದಲ್ಲ, ಅದು."

ಅಕ್ಷತ ನಕ್ಕು ಹೌದೆಂದಳು. "ಆ ಬಿಲ್ ಎಷ್ಟು ಅಂತ ಈ ಮಿಷಿನ್ ಹೇಳುತ್ತೆ. ನೀವು ಎಷ್ಟು ಆಕ್ಸಿಜನ್ ಎಳ್ಕೊಂಡ್ರಿ, ಎಷ್ಟು ಕಾರ್ಬನ್ ಡೈಆಕ್ಸೈಡ್ ಬಿಟ್ರಿ ಅಂತ ಅಳೆದು ಲೆಕ್ಕ ಹಾಕುತ್ತೆ. ನೋವಿಲ್ಲ, ಸೂಜಿ ಇಲ್ಲ. ನೀವು ಮಾಡ್ಬೇಕಾದ್ದು ಒಂದೇ: ಮೊದಲು ಅರ್ಧ ಗಂಟೆ ಹೀಗೇ ವಿಶ್ರಾಂತಿ, ಆಮೇಲೆ ಅರ್ಧ ಗಂಟೆ ಟೆಸ್ಟು. ಅಲ್ಲಾಡ್ಬಾರ್ದು, ಮಾತಾಡ್ಬಾರ್ದು, ನಿದ್ದೆನೂ ಮಾಡ್ಬಾರ್ದು. ಸುಮ್ನೆ ಎಚ್ಚರವಾಗಿರ್ಬೇಕು ಅಷ್ಟೇ."

ಮುತ್ಯಾಲಮ್ಮನ ಬದುಕಿನಲ್ಲಿ ಎರಡೇ ಸ್ಥಿತಿಗಳಿದ್ದವು. ಎಚ್ಚರವಿದ್ದರೆ ಕೆಲಸ, ಇಲ್ಲದಿದ್ದರೆ ನಿದ್ದೆ. ಈ ಹುಡುಗಿ ಹೇಳುತ್ತಿದ್ದ ಮೂರನೆಯದು ಎಲ್ಲಿ ಸಿಗುತ್ತದೆಂದು ಅವಳಿಗೆ ತಿಳಿಯಲಿಲ್ಲ.

ಅರ್ಧ ಗಂಟೆಯ ವಿಶ್ರಾಂತಿಯಲ್ಲಿ ಅಕ್ಷತಳ ಊರು, ಅವಳ ತಂದೆಯ ಕೆಲಸ, ಅವಳಿಗೆ ಇನ್ನೂ ಮದುವೆಯಾಗದಿರುವುದಕ್ಕೆ ಕಾರಣ, ಇಷ್ಟನ್ನು ತಿಳಿದುಕೊಂಡಳು. ಆಮೇಲೆ ತಲೆಯ ಮೇಲೆ ಕಾಜಿನಂಥ ಪ್ಲಾಸ್ಟಿಕ್ಕಿನ ಗೂಡು ಬಂದು ಕೂತಿತು. ಅದರ ಅಂಚಿನ ತೆಳು ಹಾಳೆಯನ್ನು ಕುತ್ತಿಗೆಯ ಸುತ್ತ ಸಿಕ್ಕಿಸಿದರು. ಒಂದು ಕೊಳವೆ ಅಲ್ಲಿಂದ ಮಿಷಿನ್ನಿಗೆ ಹೋಗಿತ್ತು.

"ಇದೇನಮ್ಮ, ಕೋಳಿ ಮುಚ್ಚೋ ಮಂಕರಿ ಇದ್ದಂಗೈತೆ," ಎಂದಿತು ಗೂಡಿನೊಳಗಿನ ದನಿ.

"ಮಾತಾಡ್ಬೇಡಿ ಅಮ್ಮ."

"ಇಲ್ಲ, ಮಾತಾಡಲ್ಲ. ಉಸುರಾಡ್ಬೋದಾ?"

"ಉಸಿರಾಡ್ಲೇಬೇಕು ಅಮ್ಮ!"

ಪರದೆಯ ಮೇಲೆ ಗೆರೆಯೊಂದು ಎದ್ದಿತು. ಸಮನಾಗಿ ಹರಿಯಬೇಕಿದ್ದ ಆ ಗೆರೆ ನಂದಿಬೆಟ್ಟ ಹತ್ತಿ ಇಳಿದು ಮತ್ತೆ ಹತ್ತಿತು. ಮುತ್ಯಾಲಮ್ಮನ ಬಾಯಿ ಮುಚ್ಚಿತ್ತು, ನಿಜ. ಆದರೆ ಹೊದಿಕೆಯ ಮೇಲೆ ಅವಳ ಬೆರಳುಗಳು ಕಾಣದ ಎಳೆಗಳಿಗೆ ಗಂಟು ಹಾಕುತ್ತಿದ್ದವು. ಅಕ್ಷತ ಮೆತ್ತಗೆ ಕೈಹಿಡಿದು ನಿಲ್ಲಿಸಿದರೆ ಕಾಲಿನ ಹೆಬ್ಬೆರಳು ಶುರುಮಾಡಿತು. ಕಾಲನ್ನು ನಿಲ್ಲಿಸಿದರೆ ಅವಳ ಮನಸ್ಸು ಊರಿಗೆ ಓಡಿತು. ಕೊಂಡಪ್ಪ ಕೆಂಪು ಕಂಡಿಕೆ ಹಾಕುವ ಜಾಗದಲ್ಲಿ ಮೆರೂನ್ ಹಾಕಿಬಿಟ್ಟರೆ? ಹಾಲು ಕಾಯಿಸಿಟ್ಟೆನೋ ಇಲ್ಲವೋ? ಕೋಣೆಯ ನಿಶ್ಶಬ್ದ ಬೇರೆ. ಅವಳ ಕಿವಿಗೆ ನಿಶ್ಶಬ್ದವೆಂದರೆ ಮಗ್ಗ ನಿಂತಿದೆ ಎಂದು ಅರ್ಥ, ಮಗ್ಗ ನಿಂತಿದೆ ಎಂದರೆ ಎದ್ದು ಓಡಬೇಕೆಂದು ಅರ್ಥ. ಎದೆ ಡವಡವ ಹೊಡೆದುಕೊಂಡಿತು.

ಕೊನೆಗೆ ಅಕ್ಷತ ಗೂಡು ತೆಗೆದಳು. "ಅಮ್ಮ, ಒಂದೇ ಸಮ ಐದು ನಿಮಿಷ ಕೂಡ ಸಿಗ್ಲಿಲ್ಲ. ಅಥವಾ ಮಿಷಿನ್ನೇ ಕೈಕೊಟ್ಟಿದ್ಯೋ ಏನೋ." ಅವಳು ಸುತ್ತ ನೋಡಿದಳು. "ಅಂಕಲ್, ನೀವು ಒಂದು ಹತ್ತು ನಿಮಿಷ ಮಲಗ್ತೀರಾ? ಮಿಷಿನ್ ಸರಿಯಿದ್ಯಾ ಅಂತ ನೋಡೋಕೆ."

ಮಲಗು ಎಂದು ಯಾರೂ ಗೋವಿಂದರಾಜುವಿಗೆ ಎರಡನೇ ಸಲ ಹೇಳಬೇಕಾಗಿರಲಿಲ್ಲ. ಚಪ್ಪಲಿ ಬಿಟ್ಟು, ಅಂಗಿಯ ಮೇಲಿನ ಗುಂಡಿ ಸಡಿಲಿಸಿ ಮಲಗಿದ. ಗೂಡು ಕೂತಿತು. ಗೆರೆ ಒಂದೆರಡು ಸಲ ಅಲುಗಾಡಿ, ಕೆರೆಯ ನೀರಿನ ಹಾಗೆ ಸಪಾಟಾಗಿ ನಿಂತುಬಿಟ್ಟಿತು. ಅಕ್ಷತ ಬಗ್ಗಿ ನೋಡಿದಳು. ಕಣ್ಣು ಬಿಟ್ಟುಕೊಂಡೇ ಇದ್ದ. ಕಣ್ಣು ಚಾವಣಿಯ ಕಡೆಗಿತ್ತು, ಅದರಲ್ಲಿ ಏನೂ ಇರಲಿಲ್ಲ.

"ಅಂಕಲ್!" ಎಂದಳು ಅಕ್ಷತ, ಗೂಡು ತೆಗೆಯುತ್ತಾ. "ನಾನು ಈ ಕೆಲಸಕ್ಕೆ ಸೇರಿದಾಗಿಂದ ಇಷ್ಟು ಚೆನ್ನಾಗಿ ರೆಸ್ಟ್ ಮಾಡೋರನ್ನ ನೋಡೇ ಇಲ್ಲ. ಯೋಗ ಗೀಗ ಮಾಡ್ತೀರಾ?"

ಗೋವಿಂದರಾಜು ನಿಧಾನಕ್ಕೆ ಎದ್ದು ಕೂತ. ಈ ವಿಷಯದಲ್ಲಿ ಯಾರೂ ಅವನನ್ನು ಈವರೆಗೆ ಹೊಗಳಿರಲಿಲ್ಲ. ಅವನು ಹೆಂಡತಿಯ ಕಡೆ ಬಹಳ ಹೊತ್ತು ನೋಡಿದ.

"ಆದ್ರೆ ಅಂಕಲ್, ನೀವೇನೋ ತಿಂದ್ಕೊಂಡು ಬಂದಿದ್ದೀರ," ಎಂದಳು ಅಕ್ಷತ ಪರದೆ ನೋಡುತ್ತಾ. "ಹೊಟ್ಟೆ ಖಾಲಿ ಇದ್ದಾಗ ಮೈ ಹೆಚ್ಚು ಕೊಬ್ಬು ಸುಡುತ್ತೆ. ಈಗಷ್ಟೇ ಸಿಹಿನೋ ಹಿಟ್ಟಿನ ತಿಂಡಿನೋ ತಿಂದಿದ್ರೆ ಉಸಿರಲ್ಲಿ ಬರೋ ಲೆಕ್ಕನೇ ಬೇರೆ ಇರುತ್ತೆ."

ಗೋವಿಂದರಾಜು ತಲೆ ತಗ್ಗಿಸಿದ. ಗೇಟಿನ ಹೊರಗಿನ ಬೇಕರಿಯಲ್ಲಿ ಒಂದು ಬನ್ನು, ಒಂದು ಟೀ. ಹೆಂಡತಿ ಉಪವಾಸವಿರುವಾಗ ತಾನೊಬ್ಬನೇ ತಿಂದದ್ದು ಗೊತ್ತಾಗದಿರಲೆಂದು ಮೀಸೆಯನ್ನೂ ಒರೆಸಿಕೊಂಡು ಬಂದಿದ್ದ.

ಆದರೆ ಮುತ್ಯಾಲಮ್ಮನಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅವಳು ಬೇರೆಯದೇ ಬೆಳಕು ಕಂಡಿದ್ದಳು. "ತಿಂದಿದ್ರೆ ಇದಕ್ಕೆ ಗೊತ್ತಾಯ್ತದಾ? ನಾನ್ ತಿಂದಿಲ್ಲ ಅಂತ್ಲೂ ಗೊತ್ತಾಯ್ತಾ?"

"ನಿಮ್ಮದು ಕುಣೀತಾ ಇತ್ತಮ್ಮ, ಹಾಗಾಗಿ ಖಚಿತವಾಗಿ ಹೇಳಕ್ಕಾಗಲ್ಲ. ಅದೂ ಇವತ್ತಿನ ಮಾತು ಮಾತ್ರ. ಮನೇಲಿ ದಿನಾ ಏನು ತಿಂತೀರ ಅಂತ ಮಿಷಿನ್ ಹೇಳಲ್ಲ."

ಎರಡನೆಯ ಮಾತು ಮುತ್ಯಾಲಮ್ಮನ ಕಿವಿಗೆ ಬೀಳಲಿಲ್ಲ. "ಇನ್ನೊಂದ್ ಸಲ ಮಾಡವ್ವ. ನಾನ್ ಸುಮ್ನೆ ಮಲಗೋದು ಕಲ್ತ್ಕಂಡು ಬತ್ತೀನಿ."

ಹಾಗೆ ಗೋವಿಂದರಾಜು ಹೆಂಡತಿಗೆ ಗುರುವಾದ. ಬಸ್ಸಿನಲ್ಲೇ ಪಾಠ ಶುರುವಾಯಿತು. ಮನೆ ಮುಟ್ಟುವ ಹೊತ್ತಿಗೆ ಅವನ ನಡಿಗೆಯೇ ಬದಲಾಗಿತ್ತು. ನಡುಮನೆಯಲ್ಲಿ ಚಾಪೆ ಹಾಸಿ, ಮಧ್ಯಾಹ್ನ ಊಟಕ್ಕೆ ಮೊದಲು ಅವಳನ್ನು ಮಲಗಿಸಿ, ತಾನು ತಲೆಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತ.

"ಮೈಯೆಲ್ಲ ಬಿಟ್ಬುಡು. ಹೆಗಲು ಬಿಡು. ದವಡೆ ಕಚ್ಚಿದ್ದೀಯ ನೋಡು, ಬಿಡು."

"ಬಿಟ್ಟಿದ್ದೀನಿ."

"ಮಾತಾಡಿದ್ರೆ ಬಿಟ್ಟಂಗಾಗಲ್ಲ."

ಶೆಡ್ಡಿನಲ್ಲಿ ಕೊಂಡಪ್ಪ ಎರಡೂ ಮಗ್ಗ ಓಡಿಸುತ್ತಿದ್ದ. ಮುತ್ಯಾಲಮ್ಮ ಕಣ್ಣು ಮಿಟುಕಿಸದೆ ಚಾವಣಿ ನೋಡಿದಳು. ಆಮೇಲೆ ಇದ್ದಕ್ಕಿದ್ದಂತೆ, ಮೈ ಅಲ್ಲಾಡಿಸದೆ, ಬಾಯಿ ಮಾತ್ರ ತೆರೆದು ಕೂಗಿದಳು. "ಕೊಂಡಪ್ಪಾ! ಬಲಗಡೆ ಮಗ್ಗ ನೋಡ್ಲಾ, ಎಳೆ ಹೋಯ್ತು!"

ಎಳೆ ನಿಜಕ್ಕೂ ಹೋಗಿತ್ತು. ಗೋವಿಂದರಾಜು ನಿಟ್ಟುಸಿರು ಬಿಟ್ಟು ಮೊದಲಿನಿಂದ ಶುರುಮಾಡಿದ. ಮರುದಿನ ಅವಳ ಕಿವಿಗೆ ಹತ್ತಿ ಇಟ್ಟ. ಆ ದಿನ ಅವಳು ನೆಲದ ನಡುಕದಿಂದಲೇ ಕಂಡುಹಿಡಿದಳು. ಮೂರನೆಯ ದಿನ ಕೊಂಡಪ್ಪನಿಗೆ ಅರ್ಧ ಗಂಟೆ ಮಗ್ಗ ನಿಲ್ಲಿಸಲು ಹೇಳಿದ. ಸದ್ದು ನಿಂತ ಕೂಡಲೇ ಮುತ್ಯಾಲಮ್ಮ ಚಾಪೆಯಿಂದ ಎದ್ದು, ಗುರುವನ್ನು ದಾಟಿ, ಶೆಡ್ಡಿನ ಬಾಗಿಲಲ್ಲಿ ಇದ್ದಳು. "ಯಾಕ್ಲಾ ನಿಲ್ಸಿದ್ದು?"

ಗೋವಿಂದರಾಜು ಕೈಚೆಲ್ಲಿದ. "ನಿನಗೆ ಸುಮ್ನಿರೋದನ್ನ ಕಲಿಸೋದಕ್ಕಿಂತ ಕರುಗೆ ಸೈಕಲ್ ಕಲಿಸ್ಬೋದು ಕಣೇ."

"ನೀವು ಹೇಳ್ಕೊಡೋದು ಸರಿಗಿಲ್ಲ. ಸುಮ್ನಿರು ಸುಮ್ನಿರು ಅಂದ್ರೆ ಹೆಂಗಿರ್ಲಿ? ಏನ್ ಮಾಡ್ಬೇಕು ಅಂತ ಹೇಳಿ, ಮಾಡ್ತೀನಿ."

"ಏನೂ ಮಾಡ್ಬಾರ್ದು ಕಣೇ!"

"ಅದನ್ನೇ, ಹೆಂಗ್ ಮಾಡೋದು ಅಂತ!"

ಸುದ್ದಿ ಹರಡಲು ತಡವಾಗಲಿಲ್ಲ. ಅಕ್ಕಯಮ್ಮ ಕುಟ್ಟಾಣಿ ಸಮೇತ ಬಂದು ಚಾಪೆಯ ಪಕ್ಕದಲ್ಲಿ ಕೂತು, ಎಲೆಅಡಿಕೆ ಕುಟ್ಟುತ್ತಾ ನೋಡಿದಳು. "ನಮ್ ಕಾಲದಲ್ಲಿ ಮಲಗಿದ್ರೆ ಅತ್ತೆ ಒದ್ದು ಎಬ್ಬಿಸ್ತಿದ್ಲು. ಈಗ ಮಲಗು ಅಂತ ಆಸ್ಪತ್ರೆಯೋರು ಬರ್ಕೊಡ್ತಾರೆ. ಪುಣ್ಯವಂತೆ ಕಣಮ್ಮ."

ಮುತ್ಯಾಲಮ್ಮ ಉತ್ತರ ಕೊಡಲಿಲ್ಲ. ಕೊಡದಿರಲು ಪಟ್ಟ ಕಷ್ಟಕ್ಕೆ ಅವಳ ಮುಖ ಕೆಂಪಾಯಿತು. ಆ ಹೊತ್ತು ಮಿಷಿನ್ ಇದ್ದಿದ್ದರೆ ಗೆರೆ ಪರದೆಯಿಂದ ಹೊರಗೆ ಹೋಗುತ್ತಿತ್ತು.

ಅದೇ ಸಂಜೆ, ಇನ್ನೂ ಬಿಸಿಲಿರುವಾಗ, ಕರೆಂಟು ಹೋಯಿತು. ಒಂದು ಮನೆಯದಲ್ಲ, ಇಡೀ ಬೀದಿಯದು. ನೂರಾರು ಮಗ್ಗಗಳ ಸದ್ದು ಒಂದೇ ಏಟಿಗೆ ನಿಂತು, ಕಾಗೆಯ ಕೂಗು, ಯಾರದೋ ಮನೆಯ ಪಾತ್ರೆಯ ಸದ್ದು ಕೇಳತೊಡಗಿತು. ಜನ ಒಬ್ಬೊಬ್ಬರಾಗಿ ಹೊರಗೆ ಬಂದರು. ಮುತ್ಯಾಲಮ್ಮನೂ ಬಂದು ಜಗಲಿಯ ಕಂಬಕ್ಕೆ ಒರಗಿ ಕೂತಳು. ಲೈನ್‌ಮನ್ ತಂತಿ ಸರಿಮಾಡುತ್ತಿದ್ದಾನಂತೆ, ಇನ್ನು ಸ್ವಲ್ಪ ಹೊತ್ತಂತೆ ಎಂದು ಯಾರೋ ಹೇಳಿದರು. ಅವಳು "ಹೂಂ" ಎಂದಳು. ಬೈಯಲಿಲ್ಲ, ಎದ್ದು ಓಡಲಿಲ್ಲ. ಕೈಗಳು ಮಡಿಲಲ್ಲಿ ಬಿದ್ದಿದ್ದವು, ಅಂಗೈ ಮೇಲಾಗಿ. ಮಗ್ಗ ನಿಂತದ್ದು ತನ್ನ ತಪ್ಪಲ್ಲ, ಓಡಿಸುವುದು ತನ್ನ ಕೈಲಿಲ್ಲ. ಮಾಡಲು ಏನೂ ಇಲ್ಲದಿರುವುದಕ್ಕೆ ಅವಳಿಗೆ ಗೊತ್ತಿದ್ದ ಒಂದೇ ಅಪ್ಪಣೆ ಅದು.

ಗೋವಿಂದರಾಜು ಎದುರಿನ ಕಲ್ಲಿನ ಮೇಲೆ ಕೂತು ಬೀದಿ ನೋಡುತ್ತಿದ್ದವನು, ಆವತ್ತು ಮೊದಲ ಸಲ ಬೀದಿ ಬಿಟ್ಟು ಹೆಂಡತಿಯನ್ನು ನೋಡಿದ.

ಎರಡನೆಯ ಸಲ ಆಸ್ಪತ್ರೆಗೆ ಹೋಗುವಾಗ ಅವನು ಕಟ್ಟುನಿಟ್ಟು ಮಾಡಿದ. ರಂಗೋಲಿ ಪವಿತ್ರ ಬಿಟ್ಟಳು. ಬಸ್ ಸ್ಟ್ಯಾಂಡಿಗೆ ಆಟೋ. ಆಸ್ಪತ್ರೆಯಲ್ಲಿ ಲಿಫ್ಟು. ಬೇಕರಿಯ ಕಡೆ ಅವನು ತಿರುಗಿಯೂ ನೋಡಲಿಲ್ಲ. ಅಕ್ಷತ ಮುತ್ಯಾಲಮ್ಮನನ್ನು ಮಲಗಿಸಿ, ವಿಶ್ರಾಂತಿಯ ಅರ್ಧ ಗಂಟೆ ಮುಗಿಸಿ, ಗೂಡು ಇಟ್ಟಳು. ಮುತ್ಯಾಲಮ್ಮ ಮಾತಾಡಲಿಲ್ಲ, ಕೈಯಾಡಿಸಲಿಲ್ಲ. ಹಲ್ಲು ಕಚ್ಚಿ, ಮುಷ್ಟಿ ಬಿಗಿಹಿಡಿದು, ಕುಸ್ತಿಗೆ ಇಳಿದವಳಂತೆ ಸುಮ್ಮನಿದ್ದಳು. ಗೆರೆ ಹೋದ ಸಲಕ್ಕಿಂತ ಮೇಲೆಯೇ ನಿಂತಿತ್ತು.

ಅಕ್ಷತ ಬಾಗಿಲಾಚೆ ಬಂದು ತಲೆಯಾಡಿಸಿದಳು. "ಕಷ್ಟಪಟ್ಟು ರೆಸ್ಟ್ ಮಾಡ್ತಿದ್ದಾರೆ ಅಂಕಲ್. ಹಾಗೆ ಮಾಡಿದ್ರೆ ಆಗಲ್ಲ."

ಗೋವಿಂದರಾಜು ದನಿ ತಗ್ಗಿಸಿದ. "ಒಂದ್ ಕೆಲಸ ಮಾಡಮ್ಮ. ಈ ರೂಮಿನ ಲೈಟು, ಫ್ಯಾನು, ಏಸಿ, ಎಲ್ಲ ಒಟ್ಟಿಗೆ ಆಫ್ ಮಾಡ್ಬೋದಾ? ಮಿಷಿನ್ ಮಾತ್ರ ಬಿಟ್ಟು."

"ಮಾಡ್ಬೋದು. ಯಾಕೆ?"

"ಮಾಡು, ಹೇಳ್ತೀನಿ."

ಸ್ವಿಚ್ಚುಗಳು ಬಿದ್ದವು. ಫ್ಯಾನು ನಿಧಾನವಾಗಿ ನಿಂತಿತು, ಏಸಿಯ ಗುಂಯ್‌ಗುಟ್ಟುವಿಕೆ ಅಡಗಿತು. ಗೋವಿಂದರಾಜು ಕಾರಿಡಾರಿನಲ್ಲಿ ನಿಂತು, ಬೀದಿಯಲ್ಲಿ ಕೂಗುವ ಹಾಗೆ ಒಂದು ಕೂಗು ಹಾಕಿದ: "ಕರೆಂಟ್ ಹೋಯ್ತೂ!"

ಎರಡು ಕೋಣೆ ಆಚೆ ಯಾರೋ ನರ್ಸು ಬೆಚ್ಚಿ ಹೊರಗೆ ಇಣುಕಿದಳು. ಅಕ್ಷತ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

ಗೂಡಿನೊಳಗೆ ಮುತ್ಯಾಲಮ್ಮನ ಹೆಗಲುಗಳು ಇಳಿದವು. ಅವಳು ಇಳಿಸಿದ್ದಲ್ಲ, ತಾವಾಗಿ ಇಳಿದವು. ಮುಷ್ಟಿ ಬಿಚ್ಚಿತು, ದವಡೆ ಸಡಿಲವಾಯಿತು. ಸರಿ, ಇನ್ನೇನು ಮಾಡೋಕಾಗುತ್ತದೆ ಎಂದುಕೊಂಡಳು. ಕಿಟಕಿಯ ಪರದೆಯ ಸಂದಿನಿಂದ ಬಂದ ಬೆಳಕು ಗೋಡೆಯ ಮೇಲೆ ಸೀರೆಯಂಚಿನಷ್ಟು ಅಗಲವಾಗಿ ಬಿದ್ದಿತ್ತು. ಅದನ್ನು ನೋಡುತ್ತಾ ಬಿದ್ದಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಹತ್ತಿರದಲ್ಲೇ ಏನೋ ಸದ್ದು ಕೇಳಿಸಿತು. ಹೋಗಿ ಬರುವ, ಹೋಗಿ ಬರುವ ಸದ್ದು. ಯಾವ ಮಗ್ಗದ್ದೂ ಅಲ್ಲ. ತನ್ನ ಉಸಿರೇ ಎಂದು ತಿಳಿಯಲು ಅವಳಿಗೆ ಕೊಂಚ ಹೊತ್ತು ಹಿಡಿಯಿತು. ಇಷ್ಟು ವರ್ಷ ಇದು ನಡೆಯುತ್ತಲೇ ಇತ್ತೇ ಎಂದು ಆಶ್ಚರ್ಯವಾಯಿತು.

ಪರದೆಯ ಮೇಲೆ ಗೆರೆ ಇಳಿಯಿತು, ಇನ್ನೂ ಇಳಿಯಿತು, ಮಟ್ಟಸವಾಗಿ ನಿಂತಿತು.

ಟೆಸ್ಟ್ ಮುಗಿದು ದೀಪ ಬಂದಾಗ ಮುತ್ಯಾಲಮ್ಮ ಎದ್ದು ಕೂತು ಸೆರಗು ಸರಿಮಾಡಿಕೊಂಡಳು. ಮಿಷಿನ್ನನ್ನು ನೋಡಿದಳು, ಚಾವಣಿಯ ದೀಪ ನೋಡಿದಳು, ಕೊನೆಗೆ ಗಂಡನನ್ನು ನೋಡಿದಳು.

"ಕರೆಂಟ್ ಹೋದ್ರೆ ಮಿಷಿನ್ ಹೆಂಗೆ ಓಡ್ತು?"

"ಬ್ಯಾಟ್ರಿ ಇರ್ತದೆ," ಎಂದ ಗೋವಿಂದರಾಜು.

"ಮತ್ತೆ ಆಚೆ ಕಾರಿಡಾರಲ್ಲಿ ಲೈಟ್ ಉರೀತಾ ಇತ್ತಲ್ಲ, ಬಾಗಿಲ ಕೆಳಗಿಂದ ಕಾಣ್ತಿತ್ತು."

"ಕಂಡಿದ್ಮೇಲೆ ಯಾಕ್ ಸುಮ್ನಿದ್ದೆ?"

ಮುತ್ಯಾಲಮ್ಮ ಒಂದು ಗಳಿಗೆ ಯೋಚಿಸಿದಳು. "ಅಷ್ಟೊತ್ಗೆ ಒಂಥರಾ ಚೆನ್ನಾಗಿತ್ತು. ಏಳೋಕೆ ಮನಸ್ಸಾಗ್ಲಿಲ್ಲ."

ಡಾಕ್ಟರ ಕೋಣೆಯಲ್ಲಿ ಅಕ್ಷತಳೂ ಸೇರಿ ಮೂವರೂ ಕೂತರು. ಡಾಕ್ಟರು ಲೆಕ್ಕ ನೋಡಿ, ಇನ್ನೊಮ್ಮೆ ನೋಡಿ, ಕನ್ನಡಕ ತೆಗೆದಿಟ್ಟರು. ಎತ್ತರ, ತೂಕ, ವಯಸ್ಸು ಹಾಕಿ ಸೂತ್ರದಲ್ಲಿ ಲೆಕ್ಕ ಮಾಡಿದರೆ ಅವಳ ಮೈಗೆ ಸುಮ್ಮನಿರಲು ದಿನಕ್ಕೆ ಸುಮಾರು ಸಾವಿರದ ಮುನ್ನೂರು ಕ್ಯಾಲೊರಿ ಬೇಕಿತ್ತು. ಅಳೆದಾಗ ಸಿಕ್ಕಿದ್ದು ಸಾವಿರದ ಎಂಬತ್ತು. ಅದರ ಮೇಲೆ, ಇವರು ದಿನವೆಲ್ಲ ದುಡಿಯುವವರು ಎಂದು ಚಾರ್ಟಿನಲ್ಲಿ ಇನ್ನಷ್ಟು ಸೇರಿಸಿದ್ದರು.

"ಚಾರ್ಟೇ ನಿಮಗೆ ಜಾಸ್ತಿಯಾಗಿತ್ತು ಅಮ್ಮ," ಎಂದರು ಡಾಕ್ಟರು. "ಸೂತ್ರ ಅನ್ನೋದು ಅಂದಾಜು. ಎಲ್ಲರಿಗೂ ಹೊಂದಲ್ಲ. ನೀವು ಕದ್ದು ತಿಂದಿರ್ಲಿಲ್ಲ. ನಾನು ಹಾಗೆ ಕೇಳಬಾರದಿತ್ತು."

ಮುತ್ಯಾಲಮ್ಮ ಈ ಮಾತಿಗಾಗಿಯೇ ಎರಡು ಸಲ ಗೂಡಿನೊಳಗೆ ತಲೆ ಕೊಟ್ಟಿದ್ದಳು. ಆದರೆ ಅದು ಬಂದಾಗ ಅವಳ ಗಮನ ಬೇರೆ ಕಡೆಗಿತ್ತು. "ಅಂದ್ರೆ ನನ್ ಮೈ ಬೇರೆಯೋರಿಗಿಂತ ಕಮ್ಮಿ ಕೆಲಸ ಮಾಡ್ತದೆ ಅಂತಾನಾ?"

ಗೋವಿಂದರಾಜುವಿನ ಮುಖ ಅರಳಿತು. "ಆಚೆಗೆ ನಾನು ಸೋಮಾರಿ, ಒಳಗೆ ನೀನು ಸೋಮಾರಿ. ಈಗ ಸರಿಹೋಯ್ತು."

ಮುತ್ಯಾಲಮ್ಮನ ಕಣ್ಣು ತುಂಬಿಬಂತು. ನಗಬೇಕೋ ಬೈಯಬೇಕೋ ತಿಳಿಯದೆ ಬಂದ ನೀರು ಅದು. ಅಕ್ಷತ ಬೇಗನೆ ಅಡ್ಡಬಂದಳು. "ಸೋಮಾರಿ ಅಲ್ಲಮ್ಮ. ಮೈಲೇಜ್! ಕೆಲವು ಗಾಡಿ ಕಡಿಮೆ ಪೆಟ್ರೋಲಲ್ಲಿ ಜಾಸ್ತಿ ದೂರ ಹೋಗ್ತವಲ್ಲ, ಹಾಗೆ."

"ಮೈಲೇಜು," ಎಂದು ಮುತ್ಯಾಲಮ್ಮ ಆ ಪದವನ್ನು ಬಾಯಲ್ಲಿ ಇಟ್ಟು ನೋಡಿದಳು. ರುಚಿ ಹಿಡಿಸಿತು.

ಡಾಕ್ಟರು ಥೈರಾಯಿಡ್ ರಕ್ತಪರೀಕ್ಷೆಗೂ ಬರೆದರು. ಇದೊಂದೇ ಸಂಖ್ಯೆಯನ್ನು ಹಿಡಿದುಕೊಂಡು ಕೂರಬೇಡಿ ಎಂದರು. ಊಟ ಇನ್ನೂ ಕಡಿಮೆ ಮಾಡಿ ಒಣಗುವುದು ಬೇಡ, ಬದಲಾಗಿ ಕಾಳು, ಮೊಟ್ಟೆ ಹೆಚ್ಚಲಿ, ಮುದ್ದೆ ಚಿಕ್ಕದಾಗಲಿ. ದಿನವೂ ಸ್ವಲ್ಪ ಭಾರ ಎತ್ತುವ ವ್ಯಾಯಾಮ ಮಾಡಿದರೆ ಸ್ನಾಯು ಬೆಳೆಯುತ್ತದೆ, ಸ್ನಾಯು ಹೆಚ್ಚಿದರೆ ಆ ಮಿನಿಮಮ್ ಬಿಲ್ಲೂ ಕೊಂಚ ಏರುತ್ತದೆ ಎಂದರು. "ನಿಮ್ಮ ಕೈ ಓಡ್ತವೆ, ಕಾಲು ನಿಂತಲ್ಲೇ ನಿಂತಿರ್ತವೆ," ಎಂದಳು ಅಕ್ಷತ. "ನಡೀಬೇಕು."

ವಾಪಸು ಬರುವ ಬಸ್ಸಿನಲ್ಲಿ ಅಕ್ಕಯಮ್ಮನ ಫೋನು ಬಂತು. ಮುತ್ಯಾಲಮ್ಮ ಡ್ರೈವರಿಗೂ ಕೇಳುವಂತೆ ಉತ್ತರ ಕೊಟ್ಟಳು. "ಹೂಂ ಅತ್ತಿಗೆ, ಆಯ್ತು! ಕದ್ದು ತಿಂದಿಲ್ಲ ಅಂತ ಡಾಕ್ಟ್ರೇ ಒಪ್ಕಂಡ್ರು. ನಂದು ಮೈಲೇಜ್ ಬಾಡಿಯಂತೆ! ಎರಡು ಮುದ್ದೆ ತಿನ್ನೋರ್ದು ಹಳೇ ಲಾರಿ ಇದ್ದಂಗೆ, ಎಷ್ಟು ಹಾಕಿದ್ರೂ ಕುಡ್ಕಂಬುಡ್ತದಂತೆ!" ಕೊನೆಯದನ್ನು ಯಾರೂ ಹೇಳಿರಲಿಲ್ಲ.

ಆ ಕಡೆ ಕುಟ್ಟಾಣಿಯ ಸದ್ದು ನಿಂತಿತು. ಆಮೇಲೆ ಅಕ್ಕಯಮ್ಮ ಕೇಳಿದಳು: "ಆ ಟೆಸ್ಟು ಯಾರ್ ಬೇಕಾದ್ರೂ ಮಾಡಿಸ್ಬೋದಾ?"

"ಮಾಡಿಸ್ಬೋದು. ಎಲೆಅಡಿಕೆ ಹಾಕಂಗಿಲ್ಲ, ಬಾಯಿ ಬಿಡಂಗಿಲ್ಲ."

ಫೋನು ಕಟ್ಟಾಯಿತು.

ಬಸ್ಸು ರಾಜಾನುಕುಂಟೆ ದಾಟಿತು. ಗೋವಿಂದರಾಜು ಕಿಟಕಿಗೆ ತಲೆಯಾನಿಸಿ ಹೊರಗೆ ನೋಡುತ್ತಿದ್ದ. ಮುತ್ಯಾಲಮ್ಮ ಅವನ ಕಣ್ಣಿನ ದಾರಿಯಲ್ಲೇ ನೋಡಿದಳು. ಅಲ್ಲಿ ಒಂದು ಖಾಲಿ ಸೈಟು, ಒಂದು ನೀಲಗಿರಿ ತೋಪು, ಮತ್ತೆ ಖಾಲಿ ಸೈಟು.

"ಏನ್ರೀ," ಎಂದಳು. "ನೀವು ಹಿಂಗೆ ಕೂತಿರ್ತೀರಲ್ಲ, ಆಗ ಏನ್ ಯೋಚ್ನೆ ಮಾಡ್ತಿರ್ತೀರಿ?"

"ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ? ಏನಾದ್ರೂ ಇದ್ದೇ ಇರ್ತದೆ."

"ಇಲ್ಲ ಕಣೇ. ಮರ ಬಂದ್ರೆ ಮರ. ಹೋದ್ರೆ ಹೋಯ್ತು."

ಅವನು ಸುಳ್ಳು ಹೇಳುತ್ತಿದ್ದಾನೇನೋ ಎಂದು ಅವಳು ಮುಖ ನೋಡಿದಳು. ಹಾಗನ್ನಿಸಲಿಲ್ಲ. ಸೆರಗಿನ ತುದಿಗೆ ಹೋಗಿದ್ದ ಬೆರಳನ್ನು ತೆಗೆದು, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಅವಳು ಮುಂದಿನ ಮರಕ್ಕೆ ಕಾದಳು. ಅದು ಹುಣಸೆಮರವಾಗಿತ್ತು, ಬಂತು, ಹೋಯಿತು. ಅದರ ಹಿಂದೆಯೇ ಒಂದು ಬೇವು.

"ಆ ಹುಣಸೆಮರದಲ್ಲಿ ಕಾಯಿ ಉದುರಿಸೋರೇ ಇಲ್ಲ ನೋಡಿ," ಎಂದಳು ಮುತ್ಯಾಲಮ್ಮ.

ಗೋವಿಂದರಾಜು ಕಣ್ಣು ಮುಚ್ಚಿಕೊಂಡ.